7 ವಾರದ ಮರೈನ್ ಟ್ಯಾಂಕ್: ಮೀನು ಆರಾಮಾಗಿವೆ, ಸೀಗಡಿ ಮಾತ್ರ ಸಾಯುತ್ತಿವೆ. ಎಲ್ಲಿ ತಪ್ಪಿದೆ?

ಹೊಸ_ಉಪ್ಪುನೀರು (ವಿಜಯನಗರ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಸಿಹಿನೀರಿನ ಟ್ಯಾಂಕ್ ಆರು ವರ್ಷದಿಂದ ಇದೆ. ಗಪ್ಪಿ, ಟೆಟ್ರಾ, ಒಂದಿಷ್ಟು ಗಿಡ. ಅದರಲ್ಲಿ ಕೈ ಕುದುರಿದ ಮೇಲೆ ಈಗ ಉಪ್ಪುನೀರಿಗೆ ಇಳಿದಿದ್ದೇನೆ. ಮೂರು ಅಡಿ ಟ್ಯಾಂಕ್, ಸುಮಾರು 190 ಲೀಟರ್. 15 ಕೆಜಿ ಒಣ ಕಲ್ಲು, ಅರಗೊನೈಟ್ ಮರಳು, ನೊರೆ ಎಬ್ಬಿಸಿ ಕೊಳೆ ತೆಗೆಯುವ ಒಂದು ಸ್ಕಿಮ್ಮರ್, ನೀರು ತಿರುಗಿಸುವ ಎರಡು ವೇವ್‌ಮೇಕರ್. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿರುವ ಲವಣಗಳ ಅಳತೆ) 900ರ ಹತ್ತಿರ ಇದೆ, ಅದು ಆಗಿ ಬರಲ್ಲ ಅಂತ ಗೊತ್ತಿತ್ತು. ಹಾಗಾಗಿ ಅಡುಗೆಮನೆಯ ಆರ್‌ಓ ನೀರನ್ನೇ ಬಕೆಟ್‌ಗಟ್ಟಲೆ ಹಿಡಿದು ಉಪ್ಪು ಕಲಸಿ ತುಂಬಿಸಿದೆ.

ಅಂಗಡಿಯವರು ಬ್ಯಾಕ್ಟೀರಿಯಾ ಬಾಟಲಿ ಕೊಟ್ಟು, ಒಂದು ವಾರ ಬಿಟ್ಟು ಮೀನು ಹಾಕಿ ಅಂದರು. ಹತ್ತನೇ ದಿನ ಎರಡು ಕ್ಲೌನ್ ಮೀನು ಬಿಟ್ಟೆ. ಅವು ಇವತ್ತಿಗೂ ಚೆನ್ನಾಗಿವೆ, ಕೈ ತೋರಿಸಿದರೆ ಗಾಜಿನ ಹತ್ತಿರ ಓಡಿ ಬರುತ್ತವೆ. ಐದನೇ ವಾರ ಎರಡು ಕ್ಲೀನರ್ ಸೀಗಡಿ, ಆರು ಟರ್ಬೊ ಬಸವನಹುಳು ಮತ್ತು ಮಶ್ರೂಮ್ ಹವಳ ಅಂಟಿದ್ದ ಒಂದು ಕಲ್ಲು ತಂದೆ. ಮೊದಲ ರಾತ್ರಿಯೇ ಒಂದು ಸೀಗಡಿ ಹೋಯಿತು. ಇನ್ನೊಂದು ಮೂರನೇ ದಿನ ಬೆಳಿಗ್ಗೆ ಮಗ್ಗುಲಾಗಿ ಬಿದ್ದಿತ್ತು, ಮೀಸೆ ಮಾತ್ರ ಅಲ್ಲಾಡುತ್ತಿತ್ತು. ಮಗಳು ಅದನ್ನೇ ನೋಡುತ್ತಾ ಸ್ಕೂಲ್ ಬಸ್ ತಪ್ಪಿಸಿಕೊಂಡಳು. ಬಸವನಹುಳುಗಳಲ್ಲಿ ನಾಲ್ಕು ಸತ್ತವು, ಎರಡು ಅಂಗಾತ ಬಿದ್ದಿವೆ. ಮಶ್ರೂಮ್ ಅಂಗಿ ಗುಂಡಿಯಷ್ಟು ಚಿಕ್ಕದಾಗಿದೆ. ಮರಳಿನ ಮೇಲೆ, ಗಾಜಿನ ಮೇಲೆ ಎಲ್ಲಾ ಕಂದು ಪುಡಿ.

ಮೀನಿನ ಕಸದಿಂದ ಆಗುವುದನ್ನೆಲ್ಲಾ ಅಳೆದಿದ್ದೇನೆ: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 10. ಉಪ್ಪು ಅಳೆಯುವ ಹೈಡ್ರೋಮೀಟರ್ 1.025 ತೋರಿಸುತ್ತಿದೆ. ತಾಪಮಾನ 27.

ಬೇರೆ ಕಡೆ ಕೇಳಿದ್ದೆ. ಒಬ್ಬರು ಎಲ್ಲಾ ನೀರು ಬದಲಿಸಿ ಅಂದರು, ಇನ್ನೊಬ್ಬರು ಏನೂ ಮುಟ್ಟಬೇಡಿ ಅಂದರು, ಮೂರನೆಯವರು ನಿಮ್ಮಂಥವರಿಂದಲೇ ಜೀವಗಳು ಸಾಯೋದು, ಮಾರಿಬಿಡಿ ಅಂದರು. ಆ ಮಾತು ಎರಡು ದಿನ ತಲೆಯಲ್ಲೇ ಉಳಿಯಿತು. ನನ್ನ ತಪ್ಪು ಏನು ಅಂತ ಹೇಳಿ, ಒಪ್ಪಿಕೊಳ್ಳುತ್ತೇನೆ. ಆದರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನುವುದನ್ನೂ ಹೇಳಿ.

ಹವಳದ_ಕಟ್ಟೆ (ಬಸವನಗುಡಿ)

ಇವತ್ತು ರಾತ್ರಿ ಏನೂ ಮಾಡಬೇಡಿ, ನೆಮ್ಮದಿಯಾಗಿ ಮಲಗಿ. ಕ್ಲೌನ್ ಚುರುಕಾಗಿವೆ, ಅಮೋನಿಯಾ ಸೊನ್ನೆ ಇದೆ, ಅಂದರೆ ಈ ಕ್ಷಣಕ್ಕೆ ಗಾಬರಿ ಆಗುವಂಥದ್ದು ಇಲ್ಲ. ಅಂಗಾತ ಬಿದ್ದಿರುವ ಎರಡು ಹುಳುಗಳನ್ನು ಮಾತ್ರ ನೆಟ್ಟಗೆ ಕೂರಿಸಿ. ಬೆಳಿಗ್ಗೆ ಮೂಸಿ ನೋಡಿ, ಕೆಟ್ಟ ವಾಸನೆ ಬಂದರೆ ತಕ್ಷಣ ಹೊರಗೆ ತೆಗೆಯಿರಿ.

ನೀವು ಬರೆದಿದ್ದರಲ್ಲಿ ನನ್ನ ಗಮನ ಸೆಳೆದಿದ್ದು ಒಂದೇ ವಿಷಯ. ಬೆನ್ನುಮೂಳೆ ಇರುವ ಪ್ರಾಣಿ ಚೆನ್ನಾಗಿದೆ, ಇಲ್ಲದ್ದೆಲ್ಲಾ ಸಾಯುತ್ತಿದೆ. ಸೀಗಡಿ, ಬಸವನಹುಳು, ಹವಳ ಮೂರೂ. ಹೀಗಾದಾಗ ನನಗೆ ಮೊದಲು ಅನುಮಾನ ಬರುವುದು ತಾಮ್ರದ ಮೇಲೆ. ನಿಮ್ಮ ಅಡುಗೆಮನೆ ಆರ್‌ಓ ಮೇಲೆ ಕಾಪರ್ ಅಂತ ಏನಾದರೂ ಬರೆದಿದೆಯಾ ನೋಡಿ. ಒಂದು ಫೋಟೋ ಹಾಕಿ. ಆ ನೀರಿನ ಟಿಡಿಎಸ್ ಎಷ್ಟು ಅಂತಲೂ ಹೇಳಿ.

ಇನ್ನೆರಡು ಪ್ರಶ್ನೆ. ಸೀಗಡಿಯನ್ನು ಟ್ಯಾಂಕಿಗೆ ಹೇಗೆ ಬಿಟ್ಟಿರಿ, ಎಷ್ಟು ಹೊತ್ತು ತೆಗೆದುಕೊಂಡಿರಿ? ಹೈಡ್ರೋಮೀಟರ್ ಮುಳ್ಳು ತೂಗಾಡುವಂಥದ್ದಾ? ಆ ಮುಳ್ಳಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಮೇಲಕ್ಕೆ ಎತ್ತುತ್ತದೆ, ಉಪ್ಪು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ಕಂದು ಪುಡಿ ಅಂದರೆ ಡಯಾಟಮ್, ಒಂದು ಥರದ ಸೂಕ್ಷ್ಮ ಪಾಚಿ. ಹೊಸ ಮರಳು, ಹೊಸ ಕಲ್ಲು, ನೀರಿನಲ್ಲಿರುವ ಸಿಲಿಕೇಟ್ ತಿಂದು ಬೆಳೆಯುತ್ತದೆ. ಹೊಸ ಟ್ಯಾಂಕ್‌ಗಳಲ್ಲಿ ಇದು ತೀರಾ ಸಾಮಾನ್ಯ, ಕೆಲವು ವಾರದಲ್ಲಿ ತಾನೇ ಹೋಗುತ್ತದೆ. ಅದಕ್ಕೆ ಯಾವ ಔಷಧಿಯನ್ನೂ ಹಾಕಬೇಡಿ.

ತಪ್ಪು ಕೇಳಿದ್ದೀರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹತ್ತನೇ ದಿನ ಮೀನು ಬಿಟ್ಟಿದ್ದು ಬೇಗ ಆಯಿತು. ಅಮೋನಿಯಾವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಎರಡೂ ಕಲ್ಲಿನ ಮೇಲೆ ನೆಲೆಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಬಾಟಲಿ ಹಾಕಿದರೆ ಸ್ವಲ್ಪ ಬೇಗ ಆಗಬಹುದು, ಆದರೆ ದಿನ ಎಣಿಸಿದರೆ ಸಾಲದು, ಅಳೆದು ನೋಡಬೇಕು. ನಿಮ್ಮ ಕ್ಲೌನ್‌ಗಳು ಆ ಅಮೋನಿಯಾದಲ್ಲೇ ಬದುಕಿ ಬಂದಿವೆ. ಮುಂದಿನ ಸಲ ಹಾಗೆ ಮಾಡಬೇಡಿ. ಆ ವಿಷಯ ಇಷ್ಟಕ್ಕೆ ಮುಗಿಯಿತು.

ಹೊಸ_ಉಪ್ಪುನೀರು

ಸರ್, ಇದೆ! ಫಿಲ್ಟರ್ ಮುಂದೆಯೇ ದೊಡ್ಡದಾಗಿ ಕಾಪರ್ ಅಂತ ಬರೆದಿದೆ. ಅಮ್ಮನಿಗೆ ಮೊದಲಿಂದ ತಾಮ್ರದ ಚೊಂಬಿನಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ಅಭ್ಯಾಸ. ಅದಕ್ಕೇ ಹೋದ ವರ್ಷ ಹುಡುಕಿ ಇದನ್ನೇ ತಂದಿದ್ದೆವು. ಟ್ಯಾಂಕಿಗೂ ಇದಕ್ಕೂ ಸಂಬಂಧ ಇರಬಹುದು ಅಂತ ಒಂದು ಕ್ಷಣವೂ ಹೊಳೆಯಲಿಲ್ಲ. ಟಿಡಿಎಸ್ 65 ಇದೆ.

ಸೀಗಡಿ ಕವರ್ ಅನ್ನು 15 ನಿಮಿಷ ನೀರಲ್ಲಿ ತೇಲಿಸಿ ಬಿಟ್ಟುಬಿಟ್ಟೆ, ಗಪ್ಪಿಗೆ ಮಾಡುತ್ತಿದ್ದ ಹಾಗೆ. ಹೈಡ್ರೋಮೀಟರ್ ಮುಳ್ಳಿನದೇ. ಆವಿಯಾಗಿ ಕಡಿಮೆಯಾದ ನೀರಿಗೆ ದಿನಾ ಸುಮಾರು 2 ಲೀಟರ್ ಇದೇ ಆರ್‌ಓ ನೀರು ಹಾಕುತ್ತಿದ್ದೆ.

ತೆಂಕಣ_ರೀಫ್ (ಮಂಗಳೂರು)

ಆ ಕೊನೆಯ ಸಾಲು ಮುಖ್ಯ, ಅದನ್ನು ಬರೆದಿದ್ದು ಒಳ್ಳೆಯದಾಯಿತು.

ನೀರು ಆವಿಯಾಗುತ್ತದೆ, ತಾಮ್ರ ಆಗುವುದಿಲ್ಲ. ದಿನಕ್ಕೆ 2 ಲೀಟರ್ ಅಂದರೆ 45 ದಿನಕ್ಕೆ 90 ಲೀಟರ್. ಟ್ಯಾಂಕಿನಲ್ಲಿ ಇರುವುದು ಅದೇ 190 ಲೀಟರ್ ನೀರು, ಆದರೆ 280 ಲೀಟರ್ ನೀರಿನಲ್ಲಿದ್ದ ತಾಮ್ರ ಒಳಗೆ ಹೋಗಿದೆ. ಅದರಲ್ಲಿ ಒಂದು ಪಾಲು ಕಲ್ಲು, ಮರಳಿಗೆ ಹಿಡಿದುಕೊಂಡು ಮೆಲ್ಲಗೆ ಬಿಡುತ್ತಾ ಇರುತ್ತದೆ. ಮೀನು ಅದನ್ನು ಒಂದು ಮಟ್ಟದವರೆಗೆ ತಡೆದುಕೊಳ್ಳುತ್ತದೆ. ಬಿಳಿ ಚುಕ್ಕಿ ರೋಗಕ್ಕೆ ಬೇರೆ ಟ್ಯಾಂಕಿನಲ್ಲಿಟ್ಟು ತಾಮ್ರದ ಔಷಧಿಯನ್ನೇ ಕೊಡುತ್ತೇವಲ್ಲ, ಪರೋಪಜೀವಿ ಸಾಯುತ್ತದೆ, ಮೀನು ಉಳಿಯುತ್ತದೆ. ಸೀಗಡಿ, ಬಸವನಹುಳುಗಳಿಗೆ ಆ ಶಕ್ತಿ ಇಲ್ಲ.

ನಾಳೆ ಬೆಳಿಗ್ಗೆ ಮಾಡಬೇಕಾದ್ದು ಇದು. ತಾಮ್ರ ಅಳೆಯುವ ಟೆಸ್ಟ್ ಕಿಟ್ ತಂದು, ಟ್ಯಾಂಕ್ ನೀರು ಮತ್ತು ಫಿಲ್ಟರ್ ನೀರು ಎರಡನ್ನೂ ಅಳೆಯಿರಿ. ನಾವು ಊಹೆ ಮಾಡುತ್ತಿದ್ದೇವೆ ಅಷ್ಟೇ, ಅದನ್ನು ಖಚಿತ ಮಾಡಿಕೊಳ್ಳಬೇಕು. ಫಿಲ್ಟರ್ ನೀರು ಹಾಕುವುದು ಅಲ್ಲಿಗೇ ನಿಲ್ಲಿಸಿ. ಹಾಗಂತ ಅಮ್ಮನ ಫಿಲ್ಟರ್ ಬದಲಿಸಬೇಕಾಗಿಲ್ಲ. ಮೆಂಬ್ರೇನ್ ದಾಟಿದ ಮೇಲೆ, ಕಾಪರ್ ಮತ್ತು ಮಿನರಲ್ ಕಾರ್ಟ್ರಿಜ್‌ಗೆ ಹೋಗುವ ಮೊದಲೇ ಒಂದು ಟಿ ಜಾಯಿಂಟ್ ಹಾಕಿಸಿ. ಸರ್ವಿಸ್‌ಗೆ ಬರುವ ಹುಡುಗರಿಗೆ ಹೇಳಿದರೆ ಮಾಡಿಕೊಡುತ್ತಾರೆ. ಆ ಪೈಪಿನ ತುದಿಗೆ ಉಳಿದ ಲವಣಗಳನ್ನೂ ಹೀರಿಕೊಳ್ಳುವ ಡಿಐ ರೆಸಿನ್ ತುಂಬಿದ ಕಾರ್ಟ್ರಿಜ್ ಸೇರಿಸಿ. ಹೊರಗೆ ಬರುವ ನೀರಿನ ಟಿಡಿಎಸ್ 0 ಇರಬೇಕು. 1, 2 ಬರಲು ಶುರುವಾದರೆ ರೆಸಿನ್ ಮುಗಿಯುತ್ತಾ ಬಂತು ಅಂತ ಅರ್ಥ. 20 ಲೀಟರ್ ಕ್ಯಾನ್ ನೀರು ತರೋಣ ಅಂತ ಅನಿಸಬಹುದು, ಮೊದಲು ಮೀಟರ್ ಹಿಡಿದು ನೋಡಿ, ಅದೂ ಸೊನ್ನೆ ಇರುವುದಿಲ್ಲ.

ಟ್ಯಾಂಕಿನೊಳಗಿನ ತಾಮ್ರ ತೆಗೆಯಲು ಸೀಕೆಮ್‌ನ ಕ್ಯುಪ್ರಿಸಾರ್ಬ್ ಅಥವಾ ಪಾಲಿ ಫಿಲ್ಟರ್ ಪ್ಯಾಡ್ ಹಾಕಿ. ಪ್ಯಾಡ್ ತಾಮ್ರ ಹೀರಿದರೆ ನೀಲಿಯಾಗುತ್ತದೆ, ಕಣ್ಣಿಗೇ ಕಾಣುತ್ತದೆ. ಜೊತೆಗೆ ವಾರಕ್ಕೊಮ್ಮೆ ಐದರಲ್ಲಿ ಒಂದು ಪಾಲು ನೀರು ಬದಲಿಸಿ. ಎಲ್ಲಾ ನೀರು ಒಮ್ಮೆಲೇ ಚೆಲ್ಲಬೇಡಿ, ಕ್ಲೌನ್‌ಗಳಿಗೆ ಅದೇ ಇನ್ನೊಂದು ಪೆಟ್ಟು.

ಸೀಗಡಿ ಬಿಡುವ ರೀತಿ ಬೇರೆ. ಕೆಲವು ಅಂಗಡಿಗಳಲ್ಲಿ ರೋಗ ಕಡಿಮೆಯಾಗಲಿ ಅಂತ ಉಪ್ಪನ್ನೂ ಕಡಿಮೆ ಇಟ್ಟಿರುತ್ತಾರೆ. ಅಲ್ಲಿಂದ ನೇರ ನಿಮ್ಮ ನೀರಿಗೆ ಬಂದರೆ ಸೀಗಡಿ ತಡೆಯಲ್ಲ. ಬಕೆಟ್‌ನಲ್ಲಿಟ್ಟು, ಏರ್ ಪೈಪಿಗೆ ಒಂದು ಗಂಟು ಹಾಕಿ, ಸೆಕೆಂಡಿಗೆ ಎರಡು ಮೂರು ಹನಿ ಬೀಳುವ ಹಾಗೆ ಒಂದೂವರೆ ಗಂಟೆ ಟ್ಯಾಂಕ್ ನೀರು ಸೇರಿಸಬೇಕು.

ಹಳೇ_ಸ್ಕಿಮ್ಮರ್ (ಬೆಂಗಳೂರು)

ಬೈಯುವವರ ಪೈಕಿ ನಾನೂ ಒಬ್ಬ. ನಿಮಗೆ ಮಾರಿಬಿಡಿ ಅಂದವನು ನಾನಲ್ಲ, ಆದರೆ ಬೇರೆಯವರಿಗೆ ಅಂಥ ಮಾತು ಹೇಳಿದ್ದೇನೆ. ಹಾಗಾಗಿ ಇದನ್ನು ಬರೆಯಲೇಬೇಕು ಅನಿಸಿತು.

2011ರಲ್ಲಿ ನನ್ನದೂ ಮೂರು ಅಡಿ ಟ್ಯಾಂಕ್. ಅದರಲ್ಲಿ ನೀಲಿ ಹಿಪ್ಪೋ ಟ್ಯಾಂಗ್ ಬಿಟ್ಟಿದ್ದೆ. ಅದು ಒಂದಡಿಯವರೆಗೆ ಬೆಳೆಯುವ ಮೀನು, ದಿನವಿಡೀ ಈಜಲು ಜಾಗ ಬೇಕು, ಮೂರು ಅಡಿ ಅದಕ್ಕೆ ಸೆರೆಮನೆ. ಹತ್ತು ದಿನದಲ್ಲಿ ಮೈತುಂಬ ಬಿಳಿ ಚುಕ್ಕಿ. ಯಾರನ್ನೂ ಕೇಳದೆ ತಾಮ್ರದ ಔಷಧಿ ತಂದು ಅದೇ ಟ್ಯಾಂಕಿಗೆ ನನ್ನ ಕೈಯಾರೆ ಸುರಿದೆ. ಬೆಳಿಗ್ಗೆ ಒಂದು ಸೀಗಡಿಯೂ ಉಳಿದಿರಲಿಲ್ಲ. ವಾರದೊಳಗೆ ಮೀನೂ ಹೋಯಿತು. ಒಬ್ಬ ಹಿರಿಯರು, ಅದುವರೆಗೆ ಅವರನ್ನು ನೋಡಿದ್ದೇ ಇಲ್ಲ, ಮಲ್ಲೇಶ್ವರದಿಂದ ಸ್ಕೂಟರಿನಲ್ಲಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಮತ್ತು ಟೆಸ್ಟ್ ಕಿಟ್ ಹಿಡಿದುಕೊಂಡು ಭಾನುವಾರ ಮನೆಗೆ ಬಂದರು. ನೆಲದ ಮೇಲೆ ಕೂತು ಎರಡು ಗಂಟೆ ಒಂದೊಂದೇ ಅಳೆದರು, ನನ್ನ ಕೈಯಲ್ಲೂ ಅಳೆಸಿದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದ್ದು ಇಷ್ಟೇ: "ಮೀನು ತರೋ ಮೊದಲು ನನಗೊಂದು ಫೋನ್ ಮಾಡಬೇಕಿತ್ತು ಕಣಯ್ಯಾ."

ಅವರು ಈಗಿಲ್ಲ. ನಾನು ಈಚೆಗೆ ಅವರ ಹಾಗೆ ಇರಲಿಲ್ಲ. ಒಂದೇ ಪ್ರಶ್ನೆಗೆ ನೂರು ಸಲ ಉತ್ತರ ಕೊಟ್ಟು, ಅಷ್ಟಾದರೂ ಅಂಗೈ ಅಗಲದ ಟ್ಯಾಂಗ್ ಮೀನನ್ನು ಎರಡಡಿ ಟ್ಯಾಂಕಿನಲ್ಲಿ ನೋಡಿದಾಗ ಹೊಟ್ಟೆ ಉರಿಯುತ್ತದೆ, ಮಾತು ಒರಟಾಗುತ್ತದೆ. ಕಾಳಜಿಯಿಂದಲೇ ಬರುವ ಸಿಟ್ಟು ಅದು. ಆದರೆ ಕೇಳಿಸಿಕೊಳ್ಳುವವರಿಗೆ ಕಾಳಜಿ ಕಾಣುವುದಿಲ್ಲ, ಸಿಟ್ಟು ಮಾತ್ರ ಕಾಣುತ್ತದೆ.

ಆದರೂ ಕೆಲವು ವಿಷಯಗಳನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಸಮುದ್ರದಿಂದ ಹವಳ ಕಿತ್ತು ತರಬೇಡಿ, ಯಾರಾದರೂ ಮಾರಿದರೆ ಕೊಳ್ಳಬೇಡಿ. ನಮ್ಮ ಕಡಲಿನ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರಕುದುರೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿವೆ, 2001ರಿಂದ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಆಮದಾದ ಟಾರ್ಚ್, ಹ್ಯಾಮರ್‌ನಂಥ ಗಟ್ಟಿ ಹವಳಗಳೂ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿವೆ. 2022ರ ತಿದ್ದುಪಡಿ ಬಂದ ಮೇಲೆ ಅಂಥ ಜೀವಿಗಳನ್ನು ಇಟ್ಟುಕೊಳ್ಳುವವರು ನೋಂದಣಿ ಮಾಡಿಸಬೇಕು. ಅಂಗಡಿಯಲ್ಲಿ ಕಾಗದ ಕೇಳಿ, ಇಲ್ಲ ಅಂದರೆ ವಾಪಸ್ ಬನ್ನಿ. ನಮ್ಮ ಕರಾವಳಿಯ ಹವಳ ನೋಡುವ ಆಸೆ ಇದ್ದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ನೀರಿಗಿಳಿದು ನೋಡಿ, ಬರಿಗೈಯಲ್ಲಿ ಬನ್ನಿ.

ಇನ್ನೊಂದು ಪ್ರಾಣಕ್ಕೆ ಸಂಬಂಧಿಸಿದ್ದು. ಮುಂದೆ ಜೋವಾಂತಿಡ್ ಅನ್ನುವ ಹವಳದಂಥ ಜೀವಿ ತರುತ್ತೀರಿ, ಎಲ್ಲರೂ ತರುತ್ತಾರೆ. ಅವುಗಳ ಪೈಕಿ ಕೆಲವು ಜಾತಿಗಳಲ್ಲಿ, ಅದರಲ್ಲೂ ಪಾಲಿಥೋವಾದಲ್ಲಿ, ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ಕತ್ತರಿಸಬೇಡಿ. ಅವು ಅಂಟಿದ ಕಲ್ಲನ್ನು ಯಾವತ್ತೂ ಕುದಿಸಬೇಡಿ. ಆ ಆವಿ ಕುಡಿದು ಇಡೀ ಮನೆಯವರು ಆಸ್ಪತ್ರೆ ಸೇರಿದ ಉದಾಹರಣೆ ಇದೆ. ಮನೆಯಲ್ಲಿ ಮಗು ಇದೆ, ಹಾಗಾಗಿ ಈಗಲೇ ಹೇಳಿಬಿಟ್ಟೆ.

ಪ್ಲೇನೋ_ಕನ್ನಡತಿ (ಟೆಕ್ಸಾಸ್)

ಸ್ಕಿಮ್ಮರ್ ಸರ್, ನೀವು ಹೇಳಿದ್ದರಲ್ಲಿ ಎಲ್ಲಾ ಒಪ್ಪುತ್ತೇನೆ, ಸಿಟ್ಟಿನ ವಿಷಯ ಬಿಟ್ಟು. ಬೈಸಿಕೊಂಡ ಹೊಸಬರು ಹವ್ಯಾಸ ಬಿಡುವುದಿಲ್ಲ, ನಮ್ಮನ್ನು ಕೇಳುವುದನ್ನು ಬಿಡುತ್ತಾರೆ. ಮುಂದಿನ ಸಲ ಸೀಗಡಿ ಸತ್ತರೆ ಹೇಳದೆ ಎತ್ತಿ ಬಿಸಾಕಿ ಇನ್ನೊಂದು ತರುತ್ತಾರೆ. ಆಗ ಸಾಯುವ ಜೀವ ಜಾಸ್ತಿಯೇ ಹೊರತು ಕಡಿಮೆ ಅಲ್ಲ. ಈ ಸರ್ ಎಷ್ಟು ವಿವರವಾಗಿ ಬರೆದಿದ್ದಾರೆ ನೋಡಿ. ದಿನಾ 2 ಲೀಟರ್ ಹಾಕುತ್ತೇನೆ ಅನ್ನುವ ಮಾತು ಬಂದಿದ್ದೇ ಹವಳದ_ಕಟ್ಟೆಯವರು ಮೆತ್ತಗೆ ಕೇಳಿದ್ದಕ್ಕೆ.

ನಾನು 2016ರಲ್ಲಿ ಶುರು ಮಾಡಿದಾಗ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಹಿಂದೆ ಬಿದ್ದಿದ್ದೆ. 8.3 ಇರಬೇಕು ಅಂತ ಎಲ್ಲೋ ಓದಿದ್ದೆ, ನನ್ನದು 7.8. ದಿನಾ ಪಿಎಚ್ ಏರಿಸುವ ಬಫರ್ ಹಾಕಿದೆ. ಪಿಎಚ್ ಒಂದು ಗಂಟೆ ಏರಿ ಮತ್ತೆ ಇಳಿಯುತ್ತಿತ್ತು, ಅತ್ತ ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಮಾತ್ರ 8ರಿಂದ 13 ಡಿಕೆಎಚ್‌ಗೆ ಹೋಗಿ ಕೂತಿತು. ಹವಳದ ತುದಿಗಳು ಸುಟ್ಟ ಹಾಗೆ ಬೆಳ್ಳಗಾದವು. ಇಲ್ಲಿನ ಒಬ್ಬ ಹಿರಿಯರು ನನ್ನ ಪಟ್ಟಿ ಎಲ್ಲಾ ನೋಡಿ, "ಮನೆಯಲ್ಲಿ ಎಸಿ ಹಾಕಿ ಬಾಗಿಲು ಮುಚ್ಚಿರುತ್ತೀರಾ?" ಅಂತ ಒಂದೇ ಪ್ರಶ್ನೆ ಕೇಳಿದರು. ಟೆಕ್ಸಾಸ್ ಬೇಸಿಗೆ, ಮುಚ್ಚದೆ ಇನ್ನೇನು? ಒಂದು ಲೋಟ ಟ್ಯಾಂಕ್ ನೀರನ್ನು ಹೊರಗೆ ಹಿತ್ತಿಲಲ್ಲಿಟ್ಟು ಏರ್ ಪಂಪ್‌ನಿಂದ ಗಾಳಿ ಬಿಡಲು ಹೇಳಿದರು. ಒಂದು ಗಂಟೆಯಲ್ಲಿ ಅದೇ ನೀರಿನ ಪಿಎಚ್ ಏರಿತು. ಮನೆಯೊಳಗೆ ತುಂಬಿದ್ದ ಕಾರ್ಬನ್ ಡೈಆಕ್ಸೈಡ್ ಕಾರಣ. ಸ್ಕಿಮ್ಮರಿನ ಗಾಳಿ ಪೈಪನ್ನು ಕಿಟಕಿಯಿಂದ ಹೊರಗೆ ಹಾಕಿದೆ, ಬಫರ್ ಡಬ್ಬ ಎತ್ತಿಟ್ಟೆ. ಮುಂದಿನ ತಿಂಗಳು ಅವರೇ ಒಂದು ಡಬ್ಬಿಯಲ್ಲಿ ಜೀನಿಯಾ ಹವಳದ ತುಂಡು ತಂದುಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ.

ನೀರಿನ ರಸಾಯನಶಾಸ್ತ್ರ ಓದಬೇಕಾದರೆ ರ್‍ಯಾಂಡಿ ಹೋಮ್ಸ್ ಫಾರ್ಲಿ ಬರೆದಿದ್ದು ಓದಿ. ವೃತ್ತಿಯಿಂದ ರಸಾಯನ ವಿಜ್ಞಾನಿ. ಕ್ಯಾಲ್ಸಿಯಂ, ಆಲ್ಕಲಿನಿಟಿ ಪೂರೈಸುವ ದ್ರಾವಣವನ್ನು ಅಡಿಗೆ ಸೋಡಾದಂಥ ಸುಲಭದ ಪದಾರ್ಥಗಳಿಂದ ಮನೆಯಲ್ಲೇ ಮಾಡಿಕೊಳ್ಳುವ ಅಳತೆಯನ್ನು ಎಲ್ಲರಿಗೂ ತೆರೆದಿಟ್ಟವರು. ಹೊಸಬರ ಪ್ರಶ್ನೆಗೂ ವರ್ಷಗಟ್ಟಲೆ ಕೂತು ಉತ್ತರ ಕೊಟ್ಟವರು. ಇಷ್ಟು ಸಂಖ್ಯೆ, ಇದಕ್ಕೆ ಕಾರಣ, ಈಗ ಏನೂ ಮಾಡಬೇಕಾಗಿಲ್ಲ ಅನ್ನುವ ಥರದ ಉತ್ತರ. ಆದರೆ ಈಗಲೇ ಬೇಡ, ಹವಳ ಬೆಳೆಯಲು ಶುರುವಾದ ಮೇಲೆ ಓದಿ. ಸದ್ಯಕ್ಕೆ ಉಪ್ಪು, ತಾಪಮಾನ, ತಾಮ್ರ, ಈ ಮೂರು ಸಾಕು.

ಬೆಣ್ಣೆನಗರಿ (ದಾವಣಗೆರೆ)

ಬೇಸಿಗೆ ಬರುವ ಮುಂಚೆ ಒಂದು ಮಾತು. ಏಪ್ರಿಲ್‌ನಲ್ಲಿ ನನ್ನ ಟ್ಯಾಂಕ್ 31ಕ್ಕೆ ಹೋಗಿತ್ತು. ನೀರು ತಂಪು ಮಾಡುವ ಚಿಲ್ಲರ್‌ಗೆ ದುಡ್ಡು ಇರಲಿಲ್ಲ. ನೀರಿನ ಮೇಲೆ ಚಿಕ್ಕ ಫ್ಯಾನ್ ಬೀಸುವ ಹಾಗೆ ಇಟ್ಟೆ, ಎರಡು ಮೂರು ಡಿಗ್ರಿ ಇಳಿಯಿತು. ಮಂಗಳೂರಿನಂಥ ತೇವದ ಊರಲ್ಲಿ ಇಷ್ಟು ಇಳಿಯಲ್ಲ. ಫ್ಯಾನ್ ಹಾಕಿದರೆ ನೀರು ಇನ್ನೂ ಬೇಗ ಆವಿಯಾಗುತ್ತದೆ, ಅದಕ್ಕೆ ಸೊನ್ನೆ ಟಿಡಿಎಸ್ ನೀರನ್ನೇ ಹಾಕಬೇಕು, ಉಪ್ಪುನೀರು ಅಲ್ಲ. ಮತ್ತೆ ಕರೆಂಟ್ ಹೋದಾಗ ಮೊದಲು ಕಾಡುವುದು ಆಮ್ಲಜನಕ. ಒಂದು ವೇವ್‌ಮೇಕರ್ ಅನ್ನು ಮನೆಯ ಇನ್ವರ್ಟರ್‌ಗೆ ಸೇರಿಸಿಡಿ. ಲೈಟ್, ಸ್ಕಿಮ್ಮರ್ ಕೆಲವು ಗಂಟೆ ನಿಂತರೂ ನಡೆಯುತ್ತದೆ.

ಹೊಸ_ಉಪ್ಪುನೀರು (ಐದು ವಾರದ ನಂತರ)

ಎಲ್ಲರಿಗೂ ಬಾಕಿ ಇದ್ದ ವರದಿ.

ತಾಮ್ರದ ಟೆಸ್ಟ್‌ನಲ್ಲಿ ಫಿಲ್ಟರ್ ನೀರು, ಟ್ಯಾಂಕ್ ನೀರು ಎರಡೂ ಬಣ್ಣ ತಿರುಗಿದವು. ಟಿ ಜಾಯಿಂಟ್ ಹಾಕಿಸಿದೆ, ಅಮ್ಮನ ನೀರು ಅಮ್ಮನಿಗೆ, ಟ್ಯಾಂಕಿನದು ಟ್ಯಾಂಕಿಗೆ. ಡಿಐ ಆದ ಮೇಲೆ ಮೀಟರ್ 0 ತೋರಿಸಿತು. ಪ್ಯಾಡ್ ನಾಲ್ಕನೇ ದಿನಕ್ಕೆ ಅಂಚಿನಿಂದ ನೀಲಿಯಾಗುತ್ತಾ ಬಂತು. ಮಗಳು ಅದರ ಫೋಟೋ ತೆಗೆದು ದಿನಾಂಕ ಬರೆದು ಗೋಡೆಗೆ ಅಂಟಿಸಿದ್ದಾಳೆ. ಎರಡನೇ ಪ್ಯಾಡ್ ಹಾಗೆ ಆಗಲಿಲ್ಲ.

ಹವಳದ_ಕಟ್ಟೆ ಸರ್ ಅವರ ಮನೆಗೆ ಕರೆದು ತಮ್ಮ ರಿಫ್ರಾಕ್ಟೋಮೀಟರ್‌ನಲ್ಲಿ ನನ್ನ ನೀರು ನೋಡಿದರು. ಬರಿ ಆರ್‌ಓ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು, ಸಾವಿರಕ್ಕೆ 35 ಪಾಲು ಉಪ್ಪಿರುವ (35 ಪಿಪಿಟಿ) ದ್ರಾವಣ ಹಾಕಿ ಸರಿಮಾಡಿಕೊಳ್ಳಬೇಕು ಅಂತ ಅಲ್ಲೇ ಮಾಡಿ ತೋರಿಸಿದರು. ನನ್ನ ಹೈಡ್ರೋಮೀಟರ್ 1.025 ಅನ್ನುತ್ತಿದ್ದ ನೀರು ನಿಜಕ್ಕೂ 1.021 ಇತ್ತು! ದಿನಕ್ಕೆ 0.001ಕ್ಕಿಂತ ಜಾಸ್ತಿ ಏರದ ಹಾಗೆ, ಆವಿಯಾದ ಜಾಗಕ್ಕೆ ಉಪ್ಪುನೀರು ಹಾಕುತ್ತಾ ಮೆಲ್ಲಗೆ 1.025ಕ್ಕೆ ತಂದೆ. ಈಗ ಆ ಜಾಗಕ್ಕೆ ಮತ್ತೆ ಸೊನ್ನೆ ಟಿಡಿಎಸ್ ನೀರು ಹಾಕುತ್ತಿದ್ದೇನೆ.

ಅಂಗಾತ ಬಿದ್ದಿದ್ದ ಎರಡರಲ್ಲಿ ಒಂದು ಹುಳು ಬದುಕಿತು. ಡಯಾಟಮ್ ಮುಕ್ಕಾಲು ಪಾಲು ಹೋಗಿದೆ. ಮಶ್ರೂಮ್ ಮೊನ್ನೆ ಬೆಳಿಗ್ಗೆ ಎರಡು ರೂಪಾಯಿ ನಾಣ್ಯಕ್ಕಿಂತ ಅಗಲ ಬಿಚ್ಚಿಕೊಂಡಿತ್ತು, ಅಂಚಿನಲ್ಲಿ ಹಸಿರು ಗೆರೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ತಾಮ್ರ ಎರಡು ವಾರದಿಂದ ಸೊನ್ನೆ ಬರುತ್ತಿದೆ. ಒಂದು ಸೀಗಡಿ ತರಬಹುದಾ?

ತೆಂಕಣ_ರೀಫ್

ಮೊದಲು ಇನ್ನೊಂದು ಬಸವನಹುಳು ತನ್ನಿ. ಅದು ಎರಡು ವಾರ ಗಾಜಿನ ಮೇಲೆ ಓಡಾಡಿಕೊಂಡಿದ್ದರೆ ಆಮೇಲೆ ಸೀಗಡಿ. ತರುವ ದಿನ ಬೆಳಿಗ್ಗೆಯೇ ಇಲ್ಲಿ ಹೇಳಿ, ಅಂಗಡಿ ನೀರಿನ ಉಪ್ಪು ಎಷ್ಟಿದೆ ಅಂತ ಅಳೆದುಕೊಂಡು ಬನ್ನಿ.

ಹಳೇ_ಸ್ಕಿಮ್ಮರ್

ಅಳೆಯಲು ನನ್ನ ಹತ್ತಿರ ಒಂದು ರಿಫ್ರಾಕ್ಟೋಮೀಟರ್ ಜಾಸ್ತಿ ಇದೆ. ಭಾನುವಾರ ವಿಜಯನಗರದ ಕಡೆ ಬರುತ್ತೇನೆ, ಮನೆಯಲ್ಲಿ ಇರುತ್ತೀರಾ?